ಮೈಸೂರಿನಲ್ಲೊಂದು ‘ಮಲೆನಾಡ ಊಟ’

ತೋಟಗಾರನಿಗೆ ತನ್ನ ಬೆಳೆಯ ಮೇಲಿರುವ ಆಸ್ಥೆ ಸಾಮಾನ್ಯವಾಗಿ ಮಾಲು ಲಾರಿ ಹತ್ತುವವರೆಗೆ ಮಾತ್ರ. ಹೂಮಳೆ ಸಕಾಲಕ್ಕೆ ಬಂತೇ, ಅದರ ಬೆನ್ನಿಗೆ ಬರಬೇಕಾದ ಮಳೆ ಬಿತ್ತೇ, ಕಾಂಡಕೊರಕ ಕಾಣಿಸಿಕೊಂಡಿತೇ, ಅಡಿಕೆಗೆ ಎರಡನೆಯ ಸಲ ಬೋರ್ಡೋ ಹೊಡೆಯಲು ಬಿಸಿಲು ಸಿಕ್ಕೀತೇ ಎಂದು ವರ್ಷವಿಡೀ ಯೋಚಿಸುವ ನಾವು, ಚೀಲಗಳು ತೂಕವಾಗಿ ಚೀಟಿ ಕೈಗೆ ಬಂದೊಡನೆ ನಿಶ್ಚಿಂತರಾಗುತ್ತೇವೆ. ಆ ಚೀಲದೊಳಗಿದ್ದದ್ದು ಮುಂದೆ ಯಾರ ಕೈಗೆ ಹೋಯಿತು, ಯಾರ ಲೋಟಕ್ಕೆ ಬಂತು, ಕುಡಿದವನು ಏನೆಂದ ಎಂಬುದನ್ನು ವಿಚಾರಿಸುವವರು ಕಡಿಮೆ. ವಿಚಾರಿಸಿದರೆ ತಿಳಿಯುವುದು ಬಹಳವಿದೆ. ಕಳೆದ ಮಾರ್ಚಿಯಲ್ಲಿ ಮೈಸೂರಿನ ಒಂದು ಹೋಟೆಲಿನಲ್ಲಿ ಮಾಡಿದ ರಾತ್ರಿಯೂಟ ಇದನ್ನು ಚೆನ್ನಾಗಿ ಮನವರಿಕೆ ಮಾಡಿಕೊಟ್ಟಿತು. ಹೋಟೆಲಿನ ಹೆಸರು ಇಲ್ಲಿ ಮುಖ್ಯವಲ್ಲ. ಅಂಥವು ಇಂದು ಎಲ್ಲ ಪಟ್ಟಣಗಳಲ್ಲಿಯೂ ಇವೆ.

ಬೋರ್ಡು ಕಂಡು ಒಳಗೆ ಹೋದದ್ದು

ಕಾಫಿ ಒಣಗಿಸಿ ಒಳಗೆ ಹಾಕಿದ ಮೇಲೆ ಭಾವನವರೂ ನಾವೂ ಕೂಡಿ ಮೈಸೂರಿಗೆ ಹೋಗಿದ್ದೆವು. ಅವರ ಮಗಳು ಅಲ್ಲಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಸಂಜೆ ದೇವರಾಜ ಮಾರುಕಟ್ಟೆ ಸುತ್ತಿ, ಹೂವು, ವೀಳ್ಯದೆಲೆ ಕೊಂಡು, ಊಟಕ್ಕೆ ಎಲ್ಲಿಗೆ ಹೋಗುವುದೆಂದು ಯೋಚಿಸುತ್ತಿದ್ದಾಗ ಹುಡುಗಿಯೇ ಹೇಳಿದಳು: “ಮಾವ, ಇಲ್ಲೊಂದು ಹೊಸ ಹೋಟೆಲು ಆಗಿದೆ, ನಮ್ಮೂರ ಕಡೆಯ ಅಡಿಗೆಯಂತೆ. ನನ್ನ ಗೆಳತಿಯನ್ನೂ ಕರೆಯಲಾ? ಅವಳಿಗೆ ನಮ್ಮ ಊಟ ಹೇಗಿರುತ್ತದೆಂದು ತೋರಿಸಬೇಕು.” ಗೆಳತಿ ಕಲಬುರಗಿ ಕಡೆಯವಳು. ಚಹಾ ಕುಡಿಯುವ ಮನೆ. ಮಲೆನಾಡನ್ನು ಚಿತ್ರಗಳಲ್ಲಿ ಮಾತ್ರ ಕಂಡಿದ್ದಳು.

ಹೋಟೆಲಿನ ಮುಂದೆ ದೊಡ್ಡ ಬೋರ್ಡು. ಮಂಜು ಮುಸುಕಿದ ಗುಡ್ಡ, ಹಣ್ಣಾದ ಕಾಫಿ ಗೊಂಚಲು, ಅಡಿಕೆ ಮರ. ಕೆಳಗೆ ‘ಅಪ್ಪಟ ಮಲೆನಾಡ ರುಚಿ, ತೋಟದಿಂದ ನೇರ ನಿಮ್ಮ ಬಟ್ಟಲಿಗೆ’ ಎಂಬ ಬರಹ. ಒಳಗೆ ಗೋಡೆಯ ಮೇಲೆ ಕಂಬಳಿಕೊಪ್ಪೆ, ಹಳೆಯ ಒನಕೆ, ಅಡಿಕೆ ಹಾಳೆಯ ಟೋಪಿ. ಭಾವನವರು ಹಾಳೆಟೋಪಿ ನೋಡಿ, “ಇದಕ್ಕೆ ಬಾಡಿಗೆ ಕೊಟ್ಟರೆ ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ನಾಲ್ಕಿವೆ” ಎಂದು ನಕ್ಕರು. ನಮಗೂ ಸಂತೋಷವೇ ಆಯಿತು. ನಮ್ಮ ಸೀಮೆಯ ಹೆಸರು ಹೇಳಿ ಊಟ ಹಾಕುವವರು ಮೈಸೂರಿನಲ್ಲಿ ಇದ್ದಾರೆಂದರೆ ಅದಕ್ಕೆ ಬೆಲೆ ಇದೆ ಎಂದೇ ಅರ್ಥವಲ್ಲವೇ?

ಎಲೆಯ ಮೇಲೆ ಬಂದದ್ದು

ಮೊದಲು ಕಡುಬು ಬಂತು. ಹೊರಗೆ ಬಿಸಿ, ನಡುವೆ ತಣ್ಣಗೆ. ಶೀತಪೆಟ್ಟಿಗೆಯಿಂದ ತೆಗೆದು ಮತ್ತೆ ಬಿಸಿಮಾಡಿದ್ದೆಂದು ಮುರಿದ ಕೂಡಲೇ ತಿಳಿಯಿತು. ತಂಬುಳಿ ಎಂದು ಬಂದ ಬಟ್ಟಲಿನಲ್ಲಿ ಹುಳಿಮಜ್ಜಿಗೆ ಇತ್ತು. ಒಂದೆಲಗವೋ ದೊಡ್ಡಪತ್ರೆಯೋ ಯಾವ ಸೊಪ್ಪಿನ ಸುಳಿವೂ ಇಲ್ಲ. ಮೇಲೆ ತೇಲುತ್ತಿದ್ದದ್ದು ಕೊತ್ತಂಬರಿ ಸೊಪ್ಪು.

ಮೂರನೆಯದು ಕಳಲೆ ಪಲ್ಯ. ಮಾರ್ಚಿ ತಿಂಗಳಿನಲ್ಲಿ ಕಳಲೆ! ಮುಂಗಾರು ಮಳೆ ಹಿಡಿದ ಮೇಲಲ್ಲವೇ ಬಿದಿರು ಮೆಳೆಯಲ್ಲಿ ಮೊಳಕೆ ಏಳುವುದು? ಭಾವನವರು ಬಡಿಸುವ ಹುಡುಗನನ್ನು ಕರೆದು, “ಅಪ್ಪೀ, ಈ ಬೇಸಿಗೆಯಲ್ಲಿ ಕಳಲೆ ಎಲ್ಲಿಂದ ಬಂತು?” ಎಂದು ಕೇಳಿದರು. “ಡಬ್ಬದ್ದು ಸಾರ್” ಎಂದ ಅವನು. ಸುಳ್ಳು ಹೇಳಲಿಲ್ಲ, ಅದಕ್ಕೆ ಮೆಚ್ಚಬೇಕು. ಉಪ್ಪುನೀರಿನಲ್ಲಿಟ್ಟ ಕಳಲೆ ನಮ್ಮ ಮನೆಗಳಲ್ಲೂ ಉಂಟು, ಅದು ತಪ್ಪಲ್ಲ. ಆದರೆ ಇದು ಕಹಿಯಾಗಿತ್ತು. ಹಸಿ ಕಳಲೆಯಲ್ಲಿ ಸಯನೈಡು ಬಿಡುವ ಅಂಶವಿರುತ್ತದೆ. ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಅನಂತರ ಚೆನ್ನಾಗಿ ಬೇಯಿಸುವ ನಮ್ಮ ಹಿರಿಯರ ಕ್ರಮ ಬರೀ ರುಚಿಗಾಗಿ ಹುಟ್ಟಿದ್ದಲ್ಲ. ಆ ಕ್ರಮ ತಿಳಿಯದವರು ಕಳಲೆಯ ಗೋಜಿಗೆ ಹೋಗಬಾರದು. ಕಹಿ ಇದ್ದರೆ ಉಣ್ಣುವವರು ಬಿಡಬೇಕು. ನಾವು ಮಕ್ಕಳ ಎಲೆಯಿಂದಲೂ ಅದನ್ನು ಪಕ್ಕಕ್ಕೆ ಸರಿಸಿದೆವು.

ಆಮೇಲೆ ಮೆಣಸಿನ ಸಾರು. ಕಾಳುಮೆಣಸಿನ ಉತ್ಪಾದನೆಯಲ್ಲಿ ಇಂದು ದೇಶಕ್ಕೇ ಮುಂದಿರುವುದು ಕರ್ನಾಟಕ. ನಮ್ಮ ಸಿಲ್ವರ್ ಓಕ್ ಮರಗಳಿಗೂ ಅಡಿಕೆ ಮರಗಳಿಗೂ ಹಬ್ಬಿದ ಬಳ್ಳಿಯದೇ ಬೆಳೆ. ಸಾರಿನಲ್ಲಿ ಖಾರವಿತ್ತು, ಘಮವಿರಲಿಲ್ಲ. ತಳದಲ್ಲಿ ಉಳಿದ ಕಾಳನ್ನು ಬೆರಳಲ್ಲಿ ಒತ್ತಿದರೆ ಜೊಳ್ಳು. ಅಗ್ಗದ ಮಾಲು ಹೊರದೇಶದಿಂದ ಬಂದು ನಮ್ಮ ಧಾರಣೆ ಕುಸಿದದ್ದು ಸದಸ್ಯರಿಗೆ ನೆನಪಿರಬಹುದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಮಾಡಿದ್ದು ಆ ಸಂದರ್ಭದಲ್ಲೇ. ಪೇಟೆಯಲ್ಲಿ ಮೆಣಸು ಕೊಳ್ಳುವ ನೆಂಟರಿಗೆ ಒಂದು ಸುಲಭ ಪರೀಕ್ಷೆ ಹೇಳಿಕೊಡಬಹುದು. ಒಂದು ಲೋಟ ನೀರಿಗೆ ಕಾಳು ಹಾಕಿದರೆ ತುಂಬಿದ ಮೆಣಸು ಮುಳುಗುತ್ತದೆ, ಬೆರಕೆಯ ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲುವುದರಿಂದ ತೇಲಿದ್ದನ್ನು ಒಡೆದು ಮೂಸಿ ನೋಡಬೇಕು.

ಪಾಯಸಕ್ಕೆ ಏಲಕ್ಕಿಯ ಬದಲು ಎಸೆನ್ಸು ಬಿದ್ದಿತ್ತು. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಕೊನೆಗೆ ಬಂದ ಕಾಫಿ

ಊಟ ಹೇಗಾದರೂ ಇರಲಿ, ಕಾಫಿ ಚೆನ್ನಾಗಿದ್ದರೆ ಎದ್ದು ಹೋಗುವಾಗ ಮನಸ್ಸು ಹಗುರಾಗಿರುತ್ತದೆ ಎಂದುಕೊಂಡು ಐದು ಕಾಫಿ ಹೇಳಿದೆವು. ಪಟ್ಟಿಯಲ್ಲಿ ‘ಎಸ್ಟೇಟ್ ಫಿಲ್ಟರ್ ಕಾಫಿ, 60 ರೂಪಾಯಿ’ ಎಂದಿತ್ತು. ಹಿತ್ತಾಳೆಯ ಲೋಟ, ಬಟ್ಟಲು, ಮೇಲೆ ಎತ್ತರದ ನೊರೆ. ನೊರೆಯ ಕೆಳಗೆ ಗಾಢ ಕಂದು ಬಣ್ಣದ, ಸುಟ್ಟ ಬೆಲ್ಲದಂಥ ರುಚಿಯ, ನಾಲಗೆಯ ಹಿಂಬದಿಯಲ್ಲಿ ಕಹಿ ಉಳಿಸುವ ಪಾನೀಯ. ಕಾಫಿಯ ಪರಿಮಳವೆಂಬುದು ಲೋಟದ ಹತ್ತಿರ ಮೂಗು ಒಯ್ದರೂ ಇಲ್ಲ. ಬೆಳಗ್ಗೆ ಇಳಿಸಿದ ಡಿಕಾಕ್ಷನನ್ನು ರಾತ್ರಿಯವರೆಗೆ ಮತ್ತೆ ಮತ್ತೆ ಕಾಯಿಸಿದ ಲಕ್ಷಣವೂ ಸೇರಿತ್ತು.

ಕಲಬುರಗಿಯ ಹುಡುಗಿ ಎರಡು ಗುಟುಕು ಕುಡಿದು, ನಮಗೆ ನೋವಾಗಬಾರದೆಂದು ಮೆಲ್ಲಗೆ ಕೇಳಿದಳು: “ಇದೇ ಏನ್ರೀ ನಿಮ್ಮ ಊರಿನ ಕಾಫಿ? ಭಾಳ ಕಹಿ ಅದ ರೀ.”

ಬಾಕಿ ಊಟದ ಬಗ್ಗೆ ನಗುತ್ತಲೇ ಇದ್ದ ಭಾವನವರ ಮುಖ ಆಗ ಗಂಭೀರವಾಯಿತು. ಮೂವತ್ತು ವರ್ಷ ಅರೇಬಿಕಾ ಬೆಳೆದವರು. ಬಿದ್ದ ಹಣ್ಣು ಬೇರೆ, ಗಿಡದ ಹಣ್ಣು ಬೇರೆ ಎಂದು ಕುಯ್ಲಿನವರ ಹಿಂದೆ ಓಡಾಡುವವರು. ಅವರ ಬೆಳೆಯ ಹೆಸರಿನಲ್ಲಿ ಒಬ್ಬ ಹೊಸ ಗಿರಾಕಿ ಕಾಫಿಯೆಂದರೆ ಕಹಿ ಎಂದು ತೀರ್ಮಾನಿಸಿ ಏಳುತ್ತಿದ್ದಳು.

ಗಲ್ಲಾದ ಮೇಲಿದ್ದ ಯಜಮಾನರನ್ನು ಕಂಡು ಭಾವನವರು ನಯವಾಗಿಯೇ ವಿಚಾರಿಸಿದರು. “ಯಜಮಾನ್ರೇ, ಕಾಫಿಪುಡಿಯಲ್ಲಿ ಚಿಕೋರಿ ಎಷ್ಟು ಹಾಕಿಸ್ತೀರಿ?” ಆತ ಮುಚ್ಚುಮರೆ ಮಾಡಲಿಲ್ಲ. “ಅರ್ಧಕ್ಕರ್ಧ ಸ್ವಾಮಿ. ಮೊದಲು ಶುದ್ಧ ಪುಡಿ ಹಾಕಿ ನೋಡಿದೆ. ಗಿರಾಕಿಗಳು ‘ಇದೇನು ನೀರು ಕಾಫಿ, ಬಣ್ಣವೇ ಇಲ್ಲ’ ಅಂದರು. ಈಗ ಯಾರೂ ದೂರು ಹೇಳುವುದಿಲ್ಲ.” ಈ ಮಾತನ್ನು ನಾವು ಬೆಳೆಗಾರರು ಚೆನ್ನಾಗಿ ಯೋಚಿಸಬೇಕು. ಆತ ಮೋಸಗಾರನೆಂದು ಬೈದು ಎದ್ದುಬಂದರೆ ನಮಗೆ ಸಮಾಧಾನವಾದೀತು, ಆದರೆ ಪ್ರಯೋಜನವಾಗದು. ಚಿಕೋರಿಯ ಬಣ್ಣವನ್ನೇ ಕಾಫಿಯ ಬಲವೆಂದು ಜನ ನಂಬಿದ್ದಾರೆ. ಆ ನಂಬಿಕೆ ಬದಲಾಗದೆ ಆತನ ಡಬ್ಬದೊಳಗಿನ ಪುಡಿ ಬದಲಾಗದು.

ಚಿಕೋರಿಯ ಲೆಕ್ಕ

ಚಿಕೋರಿ ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತಿನಲ್ಲೂ ಉತ್ತರ ಪ್ರದೇಶದಲ್ಲೂ ಬೆಳೆಯುತ್ತಾರೆ. ಬೇರನ್ನು ಒಣಗಿಸಿ ಹುರಿದಾಗ ಅದರಲ್ಲಿರುವ ಇನುಲಿನ್ ಎಂಬ ಪದಾರ್ಥ ಕಂದಾಗಿ ಸಿಹಿಗಹಿ ರುಚಿ ಕೊಡುತ್ತದೆ. ಅದರಲ್ಲಿ ಕೆಫೀನು ಇಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ನೆಪೋಲಿಯನ್ನನ ಕಾಲದ ದಿಗ್ಬಂಧನದಿಂದ ಯುರೋಪಿಗೆ ಕಾಫಿ ಬರುವುದು ಕಷ್ಟವಾದಾಗ ಇದರ ಬಳಕೆ ಅಲ್ಲಿ ಹಬ್ಬಿತು. ಚಿಕೋರಿ ವಿಷವೇನಲ್ಲ, ಬಯಸಿ ಕುಡಿಯುವವರೂ ಇದ್ದಾರೆ. ಕಾನೂನು ಕೂಡ ಅದನ್ನು ಒಪ್ಪುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ತೂಕದ ಶೇಕಡಾ 51ಕ್ಕೆ ಕಡಿಮೆಯಿಲ್ಲದಂತೆ ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದೇ ನಿಯಮ. ಪೊಟ್ಟಣಕ್ಕೆ ಬರಹವಿದೆ, ಹೋಟೆಲಿನ ಲೋಟಕ್ಕೆ ಬರಹವಿಲ್ಲ. ತೊಂದರೆ ಇರುವುದು ಅಲ್ಲಿ.

ಹೋಟೆಲಿನವರಿಗೆ ಇದರಿಂದ ಎಷ್ಟು ಉಳಿತಾಯ? ಲೆಕ್ಕಕ್ಕಾಗಿ ಶುದ್ಧ ಕಾಫಿಪುಡಿ ಕಿಲೋಗೆ 800 ರೂಪಾಯಿ, ಚಿಕೋರಿ 200 ರೂಪಾಯಿ ಎಂದು ಹಿಡಿಯೋಣ. ಒಂದು ಲೋಟಕ್ಕೆ 8 ಗ್ರಾಂ ಪುಡಿಯಂತೆ ಕಿಲೋಗೆ 125 ಲೋಟ. ಶುದ್ಧ ಪುಡಿಯಾದರೆ ಲೋಟಕ್ಕೆ 6 ರೂಪಾಯಿ 40 ಪೈಸೆ ಬೀಳುತ್ತದೆ. 51ಕ್ಕೆ 49ರ ಮಿಶ್ರಣ ಕಿಲೋಗೆ 506 ರೂಪಾಯಿಯಾಗಿ, ಲೋಟಕ್ಕೆ ಸುಮಾರು 4 ರೂಪಾಯಿ ಬೀಳುತ್ತದೆ. ಚಿಕೋರಿ ಕಾಫಿಗಿಂತ ಹೆಚ್ಚು ಬಣ್ಣವನ್ನೂ ಸಾರವನ್ನೂ ನೀರಿಗೆ ಬಿಡುವುದರಿಂದ ಪುಡಿಯನ್ನು 6 ಗ್ರಾಂಗೆ ಇಳಿಸಿದರೂ ಗಿರಾಕಿಗೆ ತಿಳಿಯದು. ಆಗ ಲೋಟಕ್ಕೆ 3 ರೂಪಾಯಿ. 60 ರೂಪಾಯಿಯ ಕಾಫಿಯಲ್ಲಿ ಉಳಿತಾಯವಾದದ್ದು ಹೆಚ್ಚೆಂದರೆ ಮೂರೂವರೆ ರೂಪಾಯಿ. ಆ ಮೂರೂವರೆ ರೂಪಾಯಿಗಾಗಿ ಪರಿಮಳವನ್ನೇ ಕಳೆದುಕೊಂಡಂತಾಯಿತು.

ನಮ್ಮ ಕಡೆಯಿಂದ ನೋಡಿದರೆ ಲೆಕ್ಕ ಹೀಗಿದೆ. ಹುರಿಯುವಾಗ ಬೀಜದ ತೂಕ ಶೇಕಡಾ 15ರಿಂದ 20ರಷ್ಟು ಇಳಿಯುತ್ತದೆ. ಆದ್ದರಿಂದ 8 ಗ್ರಾಂ ಪುಡಿಗೆ ಸುಮಾರು 10 ಗ್ರಾಂ ಬೀಜ, ಅದಕ್ಕೆ ಐವತ್ತು ಅರುವತ್ತು ಗ್ರಾಂ ಹಣ್ಣು ಬೇಕು, ಅಂದರೆ ಒಂದು ಹಿಡಿ. ಪ್ರತಿ ಲೋಟದಲ್ಲೂ ಅರ್ಧ ಹಿಡಿ ಹಣ್ಣಿನ ಜಾಗವನ್ನು ಬೇರು ಆಕ್ರಮಿಸಿದರೆ ನಷ್ಟ ಯಾರದು? ಕಾಫಿಗೆ ಧಾರಣೆ ಬಂದ ವರ್ಷ ಈ ಬೆರಕೆಯ ಆಸೆ ಹೆಚ್ಚುತ್ತದೆ ಎಂಬುದನ್ನೂ ಮರೆಯಬಾರದು. ಧಾರಣೆ ಇಳಿದ ವರ್ಷ ನಾಲಗೆ ಆಗಲೇ ಅದಕ್ಕೆ ಒಗ್ಗಿರುತ್ತದೆ.

ಹಿಂದೆ ಕಾಫಿ ಕುಡಿಸಿದವರು

ಜನರಿಗೆ ಒಳ್ಳೆಯ ಕಾಫಿ ಕುಡಿಸುವುದು ಬೆಳೆಗಾರರ ಕೆಲಸವಲ್ಲ ಎನ್ನುವವರಿಗೆ ಒಂದು ಹಳೆಯ ವಿಷಯ ನೆನಪಿಸಬೇಕು. ಧಾರಣೆ ಕುಸಿದಿದ್ದ 1930ರ ದಶಕದಲ್ಲಿ, 1935ರ ಕಾನೂನಿನಂತೆ ಕಾಫಿಗೆ ಸೆಸ್ ವಿಧಿಸಿ ಸಮಿತಿಯೊಂದನ್ನು ರಚಿಸಲಾಯಿತು. ಆ ಸಮಿತಿ ಪ್ರಚಾರಕ್ಕಾಗಿ 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಒಳನಾಡಿನಲ್ಲಿ ಕುಡಿಯುವವರನ್ನು ಹುಟ್ಟಿಸುವುದೇ ದಾರಿಯಾಯಿತು. 1942ರ ಕಾಫಿ ಕಾನೂನು ಬಂತು, ಕಾಫಿ ಬೋರ್ಡು ಈ ಕಾಫಿ ಹೌಸುಗಳನ್ನು ಊರೂರಲ್ಲಿ ನಡೆಸಿತು. 1950ರ ದಶಕದ ನಡುವೆ ಬೋರ್ಡು ಅವನ್ನು ಮುಚ್ಚಲು ಹೊರಟಾಗ, ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಸಹಕಾರದ ಬಲಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಪೂಲ್ ಪದ್ಧತಿಯ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಬೋರ್ಡಿಗೆ ಒಪ್ಪಿಸಬೇಕಿತ್ತು, ಮಾರಾಟದ ಚಿಂತೆ ನಮ್ಮದಾಗಿರಲಿಲ್ಲ. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಮಾರುವ ಸ್ವಾತಂತ್ರ್ಯ ಬಂತು. ಕುಡಿಯುವವನನ್ನು ಬೆಳೆಸುವ ಹೊಣೆ ಮಾತ್ರ ಯಾರ ಪಾಲಿಗೂ ಬೀಳದೆ ನಡುವೆ ಉಳಿಯಿತು. ಭಾರತದ ಕಾಫಿಯ ಹೆಚ್ಚಿನ ಪಾಲು ಇಂದಿಗೂ ಹೊರದೇಶಕ್ಕೆ ಹೋಗುತ್ತದೆ. ಇಟಲಿಯವರು ನಮ್ಮ ರೊಬಸ್ಟಾವನ್ನು ಆರಿಸಿ ಕೊಳ್ಳುತ್ತಾರೆ. ನಮ್ಮ ತೋಟಗಳಿಂದ ಒಂದು ಹಗಲಿನ ದಾರಿಯಲ್ಲಿರುವ ಮೈಸೂರಿನಲ್ಲಿ ಅದರ ರುಚಿ ತಿಳಿಯದವರಿದ್ದಾರೆ.

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ದೊರೆಯಿತು. ಅದೇ ವರ್ಷ ಶಿರಸಿ ಅಡಿಕೆಗೂ ದೊರೆಯಿತು. ಮೈಸೂರಿನವರು ತಮ್ಮ ವೀಳ್ಯದೆಲೆಗೂ ನಂಜನಗೂಡು ರಸಬಾಳೆಗೂ ಅದನ್ನು ಮೊದಲೇ ಪಡೆದಿದ್ದರು. ಆದರೆ ಗೋಡೆಯ ಮೇಲೆ ಹಾಳೆಟೋಪಿ ತೂಗುಹಾಕಿ ‘ಮಲೆನಾಡು’, ‘ಎಸ್ಟೇಟ್’ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹೆಸರು ನಮ್ಮದು, ಲಾಭ ಅವರದು, ಅಪಕೀರ್ತಿ ಮತ್ತೆ ನಮ್ಮದು.

ಬೀಡಾ ಮತ್ತು ಬಿಲ್ಲು

ಬಿಲ್ಲಿನ ತಟ್ಟೆಯಲ್ಲಿ ಬೀಡಾ ಇತ್ತು. ಬಿಡಿಸಿ ನೋಡಿದರೆ ಬಣ್ಣ, ಸುಗಂಧ, ಸಕ್ಕರೆಯ ನಡುವೆ ಮುಗ್ಗಲು ವಾಸನೆಯ ಚೂರು. ಚಾಲಿಯೋ ಕೆಂಪೋ ಹೇಳಲು ಬಾರದು. ಹೊರದೇಶದ ಕಳಪೆ ಅಡಿಕೆ ತಡೆಯಲು ಕನಿಷ್ಠ ಆಮದು ಬೆಲೆಯನ್ನು 2017ರಲ್ಲಿ ಕಿಲೋಗೆ 251 ರೂಪಾಯಿಗೂ 2023ರ ಫೆಬ್ರವರಿಯಲ್ಲಿ 351 ರೂಪಾಯಿಗೂ ಏರಿಸಿದ್ದರೂ ಕಳ್ಳದಾರಿಯ ಮಾಲಿನ ಸುದ್ದಿ ಆಗಾಗ ಬರುತ್ತಲೇ ಇದೆ. ಅಡಿಕೆಯ ವಿಷಯದಲ್ಲಿ ಇನ್ನೊಂದು ಮಾತನ್ನೂ ಬಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಅಡಿಕೆ ಜಗಿಯುವುದನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಹಾಗಿರುವಾಗ ಮಕ್ಕಳ ಮುಂದೆ ಸಿಹಿ ಬೀಡಾ ಚಾಚುವ ರೂಢಿ ನಮಗೂ ಹಿತವಲ್ಲ, ಬೆಳೆಯ ಹೆಸರಿಗೂ ಹಿತವಲ್ಲ. ನಾವು ಅದನ್ನು ತಟ್ಟೆಯಲ್ಲೇ ಬಿಟ್ಟೆವು.

ಬಿಲ್ಲಿನಲ್ಲಿ ಶೇಕಡಾ 10ರ ಸೇವಾ ಶುಲ್ಕ ಸೇರಿತ್ತು. ಇದನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಸೂಚನೆ ಹೊರಡಿಸಿತ್ತು. 2025ರ ಮಾರ್ಚಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಸೂಚನೆಯನ್ನು ಎತ್ತಿಹಿಡಿಯಿತು. ಇದು ಸರ್ಕಾರಕ್ಕೆ ಸಲ್ಲುವ ಜಿ.ಎಸ್.ಟಿ. ಅಲ್ಲ. ಭಾವನವರು ಹೇಳಿದೊಡನೆ ಯಜಮಾನರು ತೆಗೆದುಹಾಕಿದರು. ಪಟ್ಟಣಕ್ಕೆ ಹೋಗುವ ಸದಸ್ಯರು ಇದನ್ನು ತಿಳಿದಿರುವುದು ಒಳ್ಳೆಯದು. ಬಡಿಸಿದ ಹುಡುಗನಿಗೆ ಕೊಡುವುದನ್ನು ಅವನ ಕೈಗೇ ಕೊಟ್ಟೆವು.

ನಾವು ಮಾಡಬಹುದಾದದ್ದು

ಮರುದಿನ ಬೆಳಗ್ಗೆ ನಾವು ಇಳಿದುಕೊಂಡಿದ್ದ ನೆಂಟರ ಮನೆಗೆ ಇಬ್ಬರು ಹುಡುಗಿಯರೂ ಬಂದರು. ಊರಿಂದ ಒಯ್ದಿದ್ದ ಪುಡಿಯಲ್ಲಿ ಸೋಸಿದ ಕಾಫಿ ಕೊಟ್ಟೆವು. ಕಲಬುರಗಿಯ ಹುಡುಗಿ ಲೋಟ ಖಾಲಿಮಾಡಿ, “ಇದು ಬ್ಯಾರೇನೇ ಅದ ರೀ” ಎಂದಳು. ಯಾವ ಉಪನ್ಯಾಸವೂ ಬೇಕಾಗಲಿಲ್ಲ. ಇದರಿಂದ ಹೊಳೆದ ಕೆಲವು ಸಲಹೆಗಳನ್ನು ಸದಸ್ಯರ ಮುಂದೆ ಇಡುತ್ತೇನೆ.

ಒಂದು: ನೆಂಟರಿಷ್ಟರಿಗೆ ಉಡುಗೊರೆ ಕೊಡುವಾಗ ಕಾಫಿಬೀಜದ ಬದಲು ಹೊಸದಾಗಿ ಹುರಿದು ಬೀಸಿದ ಶುದ್ಧ ಪುಡಿ ಕೊಡೋಣ. ಸಣ್ಣ ಪೊಟ್ಟಣವಾಗಿರಲಿ. ಬೀಸಿದ ಪುಡಿ ಗಾಳಿಯಾಡದಂತೆ ಇಟ್ಟರೂ ಕೆಲವು ವಾರಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ.

ಎರಡು: ಚಿಕೋರಿ ಪರೀಕ್ಷೆಯನ್ನು ಮಕ್ಕಳಿಗೂ ಕಲಿಸೋಣ. ಲೋಟದ ತಣ್ಣೀರಿನ ಮೇಲೆ ಒಂದು ಚಮಚ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತ ಕೆಲವೇ ಕ್ಷಣಗಳಲ್ಲಿ ತಳ ಸೇರುತ್ತದೆ.

ಮೂರು: ಡಿಕಾಕ್ಷನ್ ಮಾಡುವ ಕ್ರಮ ತಪ್ಪಿದರೆ ಶುದ್ಧ ಪುಡಿಯೂ ಕೆಡುತ್ತದೆ. ಕೊತಕೊತ ಕುದಿಯುವ ನೀರನ್ನು ಇಳಿಸಿ ಅರೆನಿಮಿಷ ಬಿಟ್ಟು ಹೊಯ್ಯಬೇಕು. ಪುಡಿಯನ್ನು ಗಟ್ಟಿಯಾಗಿ ಒತ್ತಬಾರದು. ಇಳಿದ ಡಿಕಾಕ್ಷನನ್ನು ಮತ್ತೆ ಕುದಿಸಬಾರದು, ಬಿಸಿ ಹಾಲಿಗೆ ಬೆರೆಸಿದರೆ ಸಾಕು. ಬಣ್ಣ ತಿಳಿಯಾಗಿ ಕಂಡರೆ ಗಾಬರಿಯಾಗಬೇಕಿಲ್ಲ, ಶುದ್ಧ ಕಾಫಿಯ ಬಣ್ಣವೇ ಅದು.

ನಾಲ್ಕು: ಹೋಟೆಲಿಗೆ ಹೋದಾಗ “ಚಿಕೋರಿ ಎಷ್ಟು?” ಎಂದು ಕೇಳೋಣ. ಜಗಳಕ್ಕಲ್ಲ, ತಿಳಿಯಲಿಕ್ಕೆ. ದಿನಕ್ಕೆ ಹತ್ತು ಜನ ಕೇಳಿದರೆ ಯಜಮಾನರು ತಾವಾಗಿಯೇ ಯೋಚಿಸುತ್ತಾರೆ. ಸುಳ್ಳು ಜಾಹೀರಾತಿನ ವಿರುದ್ಧ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾನೂನಿನಲ್ಲಿ ಅವಕಾಶವಿದೆ. ಅದು ಕೊನೆಯ ದಾರಿಯಾಗಿರಲಿ.

ಐದನೆಯದು ಸಂಘಕ್ಕೆ ಸಂಬಂಧಿಸಿದ್ದು. ಮೈಸೂರಿನಲ್ಲಿ ಒಳ್ಳೆಯ ಹೆಸರಿರುವ ನಾಲ್ಕೈದು ಹೋಟೆಲುಗಳೊಡನೆ ಮಾತನಾಡಿ, ಸಂಘದ ಮುದ್ರೆಯುಳ್ಳ ಶುದ್ಧ ಪುಡಿಯನ್ನು ವಾರಕ್ಕೊಮ್ಮೆ ತಾಜಾ ಆಗಿ ಒದಗಿಸಬಹುದೇ? ಅಲ್ಲಿ ಗಿರಾಕಿಗೆ ಎರಡು ಬಗೆಯ ಕಾಫಿ ಇರಲಿ, ಒಂದು ಶುದ್ಧ, ಒಂದು ಚಿಕೋರಿ ಬೆರೆತದ್ದು, ಎರಡಕ್ಕೂ ಚೀಟಿ ಇರಲಿ. ಆರಿಸುವುದು ಕುಡಿಯುವವನ ಇಷ್ಟ. ಅಡಿಗೆಯವರಿಗೆ ಅರ್ಧ ದಿನದ ತರಬೇತಿಯನ್ನು ನಾವೇ ಕೊಡಬಹುದು. ಮೆಣಸು, ಏಲಕ್ಕಿಯನ್ನೂ ಇದೇ ದಾರಿಯಲ್ಲಿ ಕಳಿಸಬಹುದು. ಬಂಡವಾಳ ದೊಡ್ಡದು ಬೇಡ, ಬೇಕಾದದ್ದು ಹುರಿಯುವ ಒಂದು ಯಂತ್ರ ಮತ್ತು ವಾರಕ್ಕೊಮ್ಮೆ ತಪ್ಪದೆ ಹೋಗುವ ಒಬ್ಬ ಮನುಷ್ಯ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಐದನೆಯ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಮೈಸೂರಿನಲ್ಲಿ ಮಕ್ಕಳನ್ನು ಓದಲು ಬಿಟ್ಟಿರುವ ಸದಸ್ಯರು ಅಲ್ಲಿ ಎಲ್ಲೆಲ್ಲಿ ಒಳ್ಳೆಯ ಕಾಫಿ ಸಿಗುತ್ತದೆ, ಎಲ್ಲಿ ಪುಡಿ ಬೇಕಾಗಿದೆ ಎಂಬುದನ್ನು ಸಂಘದ ಕಚೇರಿಗೆ ಬರೆದು ತಿಳಿಸಿದರೆ ಕೆಲಸ ಆರಂಭಿಸಲು ಅನುಕೂಲವಾಗುತ್ತದೆ.